ಕಂಬಳಿಯ ಮೇಲೆ ಆಡಿದ ಮಾತು

ನಾನು ಹುಟ್ಟಿದ ಮನೆಯಲ್ಲಿ ಎಲ್ಲ ಜ್ವರಕ್ಕೂ ಒಂದೇ ಹೆಸರು, ಒಂದೇ ಕಷಾಯ. ಆದರೆ ಮಂದಿಯ ಮೇಲೆ ಆಡುವ ಮಾತಿಗೆ ಮಾತ್ರ ಬೇರೆ ಬೇರೆ ಹೆಸರಿದ್ದವು. ಅಪ್ಪನ ತಾಯಿ, ನಮ್ಮಜ್ಜಿ, ಅವನ್ನು ಮೊರದಲ್ಲಿ ಕೇರಿ ಬೇರೆ ಬೇರೆ ಗುಡ್ಡೆ ಮಾಡಿ ಇಟ್ಟಿದ್ದಳು. ಯಾರ ಬಾಯಿಂದ ಹೊರಟಿತೆಂದು ಗೊತ್ತಾಗದೆ ಊರು ತಿರುಗುವುದು ಗಾಳಿಮಾತು. ಅದಕ್ಕೆ ಕಿವಿ ಕೊಡದಿದ್ದರೆ ತಾನೇ ಸಾಯುತ್ತದೆ. ಒಬ್ಬರ ಮೇಲೆ ಇನ್ನೊಬ್ಬರಿಗೆ ಸಿಟ್ಟು ಬರಲಿ ಎಂದು ಒಯ್ದು ಹಾಕುವುದು ಚಾಡಿ. ಅದರಲ್ಲಿ ನಿಜ ಇದ್ದರೂ ಅದು ಚಾಡಿಯೇ. ಮಾಡದ್ದನ್ನು ಮಾಡಿದ ಎಂದು ಒಬ್ಬರ ತಲೆಗೆ ಕಟ್ಟುವುದು ಅಪವಾದ. ಅದು ಸಾಯುವುದಿಲ್ಲ, ಯಾರಾದರೂ ಬಿಚ್ಚಬೇಕು. ಇನ್ನು ಮುಖದ ಮುಂದೆ ನಿಂತು ಹೇಳುವುದು ದೂರು. ದೂರು ಹೇಳಿದವರನ್ನು ಅಜ್ಜಿ ಬಯ್ಯುತ್ತಿರಲಿಲ್ಲ, ಕೂರಿಸಿ ಕೇಳುತ್ತಿದ್ದಳು. ನಾನು ಶಾಲೆಗೆ ಹೋದದ್ದು ಮೂರನೆಯ ಕ್ಲಾಸಿನವರೆಗೆ. ಅಲ್ಲಿ ಕಲಿತ ಅಕ್ಷರ ಈಗಲೂ ಒಂದೊಂದಾಗಿ ಕೂಡಿಸಿಯೇ ಬರೆಯಬೇಕು. ಅಜ್ಜಿಯ ನಡುಮನೆಯಲ್ಲಿ ಕಲಿತದ್ದು ಮಾತ್ರ ಕೂಡಿಸದೆಯೇ ಬರುತ್ತದೆ.

ಆ ನಡುಮನೆಯಲ್ಲಿ ಎರಡು ಮರದ ಕಂಬ, ಒಂದು ಮೂಲೆಯಲ್ಲಿ ಬೀಸುವ ಕಲ್ಲು, ಇನ್ನೊಂದರಲ್ಲಿ ಜೋಳದ ಚೀಲ. ಗೋಡೆಯ ಗೂಟಕ್ಕೆ ಒಂದು ಕರಿ ಕಂಬಳಿ ನೇತುಹಾಕಿರುತ್ತಿತ್ತು. ಹೊದೆಯುವುದಕ್ಕಲ್ಲ ಅದು. ಯಾರಾದರೂ ಬಂದು ಇನ್ನೊಬ್ಬರ ಮೇಲೆ ಏನಾದರೂ ಹೇಳಲು ಬಾಯಿ ತೆರೆದರೆ ಅಜ್ಜಿ, "ತಡಿ, ಕಂಬಳಿ ಹಾಸ್ತೀನಿ" ಅನ್ನುವಳು. ಹೇಳುವವರೂ, ಹೇಳಿಸಿಕೊಳ್ಳುವವರೂ ಇಬ್ಬರೂ ಒಂದೇ ಕಂಬಳಿಯ ಮೇಲೆ ಮೊಣಕಾಲು ತಾಗುವಂತೆ ಕೂತು, ಬೆನ್ನ ಹಿಂದೆ ಆಡಿದ್ದನ್ನು ಮುಖದ ಮುಂದೆ ಆಡಬೇಕು. ನೂರರಲ್ಲಿ ತೊಂಬತ್ತು ಮಾತು ಕಂಬಳಿ ಗೂಟದಿಂದ ಇಳಿಯುವ ಮುಂಚೆಯೇ ಸತ್ತುಹೋಗುತ್ತಿದ್ದವು. ಒಂದು ಸಲ ಪಕ್ಕದ ಮನೆಯ ಹೊನ್ನಮ್ಮ, ನಮ್ಮವ್ವ ಸೆರಗಿನಲ್ಲಿ ಬೆಣ್ಣೆ ಮುಚ್ಚಿಕೊಂಡು ತವರಿಗೆ ಸಾಗಿಸುತ್ತಾಳೆ ಎಂದು ಬಾವಿಯ ಹತ್ತಿರ ಹೇಳಿದಳು. ಅಜ್ಜಿ ನಮ್ಮವ್ವನನ್ನು ಒಂದು ಮಾತೂ ಕೇಳಲಿಲ್ಲ. ನನ್ನನ್ನು ಕಳಿಸಿ ಹೊನ್ನಮ್ಮನನ್ನು ಕರೆಸಿದಳು, ಕಂಬಳಿ ಹಾಸಿದಳು, ಸೊಸೆಯನ್ನೂ ಅವಳನ್ನೂ ಎದುರುಬದುರು ಕೂರಿಸಿದಳು.

"ಹೇಳು. ಬಾವಿ ಹತ್ರ ಹೇಳ್ದಂಗೇ ಹೇಳು. ಒಂದು ಮಾತು ಕಮ್ಮಿ ಬ್ಯಾಡ, ಒಂದು ಮಾತು ಹೆಚ್ಚು ಬ್ಯಾಡ."

ಹೊನ್ನಮ್ಮ ಕಂಬಳಿಯ ಎಳೆ ಕೀಳುತ್ತಾ ಕೂತಳು. ಆಮೇಲೆ, "ನಾ ಕಂಡಿಲ್ಲ. ಸೆರಗು ಉಬ್ಬಿತ್ತು, ಅಂದ್ಕಂಡೆ" ಅಂದಳು. ಸೆರಗು ಉಬ್ಬಿದ್ದು ನನ್ನ ತಮ್ಮ ಹೊಟ್ಟೆಯಲ್ಲಿದ್ದುದಕ್ಕೆ. ಅವ್ವ ನಗಲೂ ಇಲ್ಲ, ಅಳಲೂ ಇಲ್ಲ, ಎದ್ದು ಒಲೆಯ ಮೇಲಿನ ರೊಟ್ಟಿ ಮಗುಚಲು ಹೋದಳು. ಹೊನ್ನಮ್ಮ ಬಾವಿಗೆ ಹೋಗಿ, ಹೇಳಿದವರಿಗೆಲ್ಲ ತಾನು ಹೇಳಿದ್ದು ಸುಳ್ಳೆಂದು ತಿರುಗಿ ಹೇಳಿ ಬಂದಳು. ಅದೂ ಕಂಬಳಿಯ ಕಟ್ಟಳೆಯೇ.

ಹುಟ್ಟಿದ ಮನೆಯ ಮಾತು ಇಷ್ಟು ಸಾಕು. ನನಗೆ ಬಾಲ್ಯ ಎರಡು ಸಲ ಬಂತು. ಎರಡನೆಯದು ದೆಹಲಿಯ ದ್ವಾರಕಾದಲ್ಲಿ, ಮೂರನೆಯ ಮಹಡಿಯ ಮನೆಯಲ್ಲಿ. ಗಂಡ ತೀರಿಕೊಂಡ ಮೇಲೆ, ಮೊಮ್ಮಗಳನ್ನು ನೋಡಿಕೊಳ್ಳಲು ಎಂದು ಮಗ ಮಹೇಶ ನನ್ನನ್ನು ಕರೆಸಿಕೊಂಡ. ಅವನು ಕೇಂದ್ರ ಸರ್ಕಾರದ ಒಂದು ಆಫೀಸಿನಲ್ಲಿ ಗುಮಾಸ್ತ. ಸೊಸೆ ಸುಜಾತ ಓಖ್ಲಾದಲ್ಲಿ, ಹೊರದೇಶಕ್ಕೆ ಬಟ್ಟೆ ಕಳಿಸುವ ಒಂದು ಕಂಪನಿಯ ಆಫೀಸಿನಲ್ಲಿ ಕೆಲಸಕ್ಕಿದ್ದಳು. ಅಲ್ಲಿ ನಾನು ಎಳೆಗೂಸಿನ ಹಾಗಿದ್ದೆ. ಮಾತು ಬಾರದು, ದಾರಿ ತಿಳಿಯದು, ಲಿಫ್ಟಿನ ಬಾಗಿಲು ಮುಚ್ಚಿಕೊಂಡರೆ ಎದೆ ಹೊಡೆದುಕೊಳ್ಳುವುದು. ಎರಡನೆಯ ಕ್ಲಾಸಿನ ಮೊಮ್ಮಗಳು ಚಿನ್ನು ನನ್ನ ಕೈ ಹಿಡಿದು ರಸ್ತೆ ದಾಟಿಸುತ್ತಿದ್ದಳು. ತರಕಾರಿ ಗಾಡಿಯ ಭಯ್ಯಾನ ಹತ್ತಿರ ಮೊದಲ ಹಿಂದಿ ಕಲಿತೆ: ಆಲೂ, ಮಟರ್, ಕಿತ್ನಾ, ನಹೀ. ಇಷ್ಟರಲ್ಲೇ ಆ ಊರಿನಲ್ಲಿ ಬಹಳ ದಿನ ಬದುಕಬಹುದು. ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಒಬ್ಬರು ಹೊರಗೆ ಬರಬೇಕು. ಹೊತ್ತು ಮೂಡುವ ಮೊದಲು ನೀರು ಬರುತ್ತದೆ, ಹಿಡಿಯದಿದ್ದರೆ ಆ ದಿನ ಕೆಟ್ಟಿತು. ಊರಿಂದ ತರಿಸಿದ ಜೋಳದ ಹಿಟ್ಟಿನಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಕೆಳಗಿನ ಮನೆಯ ಪಂಜಾಬಿ ಹೆಂಗಸು ಒಂದು ದಿನ ಹತ್ತಿಬಂದು, ಗೋಡೆಗೆ ಮೊಳೆ ಹೊಡೆಯುತ್ತಿದ್ದೀರಾ ಎಂದು ಕೇಳಿದಳು. ಸುಜಾತ ಅವಳ ಕೈಗೆ ಬಿಸಿ ರೊಟ್ಟಿ, ಬೆಣ್ಣೆ ಕೊಟ್ಟು ಕಳಿಸಿದಳು. ಮತ್ತೆ ಆ ಹೆಂಗಸು ದೂರಲು ಬರಲಿಲ್ಲ, ರೊಟ್ಟಿಗೆ ಬಂದಳು.

ನಾನು ಯಾವ ಮನೆಗೆ ಹೋದರೂ ನನ್ನ ಕಟ್ಟಳೆ ಹೊತ್ತುಕೊಂಡೇ ಹೋಗುವವಳು. ನಮ್ಮದು ಹಣೆಗೆ ವಿಭೂತಿ ಹಚ್ಚುವ ಮನೆ. ಮಾಂಸ, ಹೆಂಡ ಹೊಸಲು ದಾಟಿದ್ದಿಲ್ಲ. ದೆಹಲಿಯಲ್ಲೂ ದಾಟಬಾರದು ಎಂದು ಬಂದ ದಿನವೇ ಹೇಳಿದ್ದೆ. ಮಗ "ಆಯ್ತವ್ವ" ಅಂದಿದ್ದ. ಸೊಸೆ ಏನೂ ಅಂದಿರಲಿಲ್ಲ.

ಚಿನ್ನುವನ್ನು ಶಾಲೆಗೆ ಕರೆದುಕೊಂಡು ಹೋಗುತ್ತಿದ್ದುದು ಬೋಪಯ್ಯನ ವ್ಯಾನು. ಬೋಪಯ್ಯ ಕೊಡಗಿನವನು, ಮಿಲಿಟರಿಯಲ್ಲಿ ಗಾಡಿ ಓಡಿಸುತ್ತಿದ್ದು ಸುಬೇದಾರನಾಗಿ ನಿವೃತ್ತನಾದವನು. ಹೆಂಡತಿ ಆಸ್ಪತ್ರೆಯೊಂದರಲ್ಲಿ ನರ್ಸು. ಅವಳ ಕೆಲಸ ಬಿಡಿಸಬಾರದೆಂದು ಊರಿಗೆ ಹೋಗದೆ ಇಲ್ಲೇ ಉಳಿದು ವ್ಯಾನು ಇಟ್ಟುಕೊಂಡಿದ್ದ. ನಮ್ಮ ಸೊಸೈಟಿಯಲ್ಲಿ ಕನ್ನಡದವರ ಮನೆಗಳು ಕೆಲವಿದ್ದವು; ಆ ಮಕ್ಕಳೆಲ್ಲ ಅವನ ಗಾಡಿಯಲ್ಲೇ ಹೋಗುತ್ತಿದ್ದರು. ಅವನು ಹಾರ್ನು ಹೊಡೆಯುತ್ತಿರಲಿಲ್ಲ. ಕೆಳಗೆ ನಿಂತು "ಚಲೋ ಚಿನ್ನೂ, ಪಲ್ಟನ್ ಹೊರಟಿತು!" ಎಂದು ಕೂಗುತ್ತಿದ್ದ. ಮಕ್ಕಳ ಕೈಯಲ್ಲಿ ಸೆಲ್ಯೂಟು ಹೊಡೆಸಿ ಹತ್ತಿಸಿಕೊಳ್ಳುತ್ತಿದ್ದ. ಊರಿಗೆ ಹೋಗಿ ಬಂದರೆ ಮನೆಮನೆಗೂ ಒಂದೊಂದು ಪೊಟ್ಟಣ ಕಾಫಿಪುಡಿ. ಅವನ ಮೀಸೆ ನೋಡಿ ಮೊದಲು ನನಗೆ ಸ್ವಲ್ಪ ಅನುಮಾನವಿತ್ತು. ಕಾಫಿ ಕುಡಿದ ಮೇಲೆ ಹೋಯಿತು.

ಚಳಿಗಾಲ ಬಂದರೆ ಅಲ್ಲಿನ ಹೆಂಗಸರು ಮನೆಯ ಕೆಲಸವನ್ನೆಲ್ಲ ಪಾರ್ಕಿನ ಬಿಸಿಲಿಗೆ ತರುತ್ತಾರೆ. ನಾವು ಕನ್ನಡದವರು ಒಂದು ಕಡೆ ಚಾಪೆ ಹಾಕಿಕೊಂಡು ಬಟಾಣಿ ಸುಲಿಯುತ್ತಿದ್ದೆವು. ಗುಂಪಿಗೆ ಹಿರಿಯಳು ಶಕುಂತಲಮ್ಮ. ಅವಳ ಗಂಡ ದೊಡ್ಡ ಆಫೀಸಿನಿಂದ ನಿವೃತ್ತರಾದವರು. ಅವರನ್ನು ಎಲ್ಲರೂ ರಾಯರು ಅನ್ನುತ್ತಿದ್ದರು. ಶಕುಂತಲಮ್ಮ ಕೆಟ್ಟವಳಲ್ಲ. ನಾನು ಬಂದ ಮೊದಲ ಚಳಿಗೆ ಉಣ್ಣೆಯ ಕಾಲುಚೀಲ ತಂದುಕೊಟ್ಟವಳು ಅವಳೇ. ಆದರೆ ಬಟಾಣಿ ಸುಲಿಯುವಾಗ ಅವಳ ಕೈಗಿಂತ ಬಾಯಿ ಮುಂದೆ ಓಡುತ್ತಿತ್ತು.

"ಕೇಳಿದ್ರಾ ಗಂಗಮ್ಮನವರೇ? ಆ ಬೋಪಯ್ಯ ಕುಡಿದು ಗಾಡಿ ಓಡಿಸ್ತಾನಂತೆ."

"ಯಾರು ಹೇಳಿದ್ದು?"

"ಯಾರ್ಯಾಕೆ ಹೇಳ್ಬೇಕು? ನಮ್ಮ ಮೊಮ್ಮಗನೇ ನೋಡಿದಾನೆ. ಹಿಂದಿನ ಸೀಟಿನ ಕೆಳಗೆ ಬಾಟಲಿ. ಪೇಪರಲ್ಲಿ ಸುತ್ತಿಟ್ಟಿದ್ದನಂತೆ."

"ಬಾಟಲಿ ನೋಡಿದ್ದೋ, ಕುಡಿದದ್ದು ನೋಡಿದ್ದೋ?"

"ಬಾಟಲಿ ಯಾಕ್ ಇಟ್ಕೋತಾರೆ ರೀ, ಗಂಗಾಜಲ ತರೋಕ್ಕಾ? ಕೂರ್ಗಿನವರಲ್ವೇ, ಹುಟ್ಟಿದ್ರೂ ಕುಡೀತಾರೆ, ಸತ್ರೂ ಕುಡೀತಾರೆ."

ಎಲ್ಲರೂ ನಕ್ಕರು. ನಾನು ನಗಲಿಲ್ಲ, ಆದರೆ ಅಲ್ಲಿಂದ ಏಳಲೂ ಇಲ್ಲ. ಬಟಾಣಿ ಇನ್ನೂ ಅರ್ಧ ಬುಟ್ಟಿ ಇತ್ತು. ಆ ಮಾತು ಪಾರ್ಕಿನಿಂದ ಎದ್ದು ಹೋಗಿ ಬೆಳೆದದ್ದನ್ನು ನಾನು ಕಣ್ಣಾರೆ ಕಂಡೆ. ಮಾರನೆಯ ದಿನ ಬೋಪಯ್ಯನ ಕೈ ನಡುಗುತ್ತಿತ್ತು. ಅದರ ಮಾರನೆಯ ದಿನ ಗಾಡಿ ಮೆಟ್ರೋ ಕಂಬಕ್ಕೆ ಹೊಡೆಯುವುದು ಸ್ವಲ್ಪದರಲ್ಲಿ ತಪ್ಪಿತ್ತು. ವಾರ ಕಳೆಯುವಷ್ಟರಲ್ಲಿ ಮಿಲಿಟರಿಯಿಂದಲೇ ಕುಡಿತಕ್ಕೆ ಓಡಿಸಿದ್ದರಂತೆ. ಇದರಲ್ಲಿ ಒಂದನ್ನೂ ಯಾರೂ ನೋಡಿರಲಿಲ್ಲ. ಒಬ್ಬೊಬ್ಬರಾಗಿ ಮಕ್ಕಳನ್ನು ಬೇರೆ ವ್ಯಾನಿಗೆ ಹಾಕಿದರು. ಬೋಪಯ್ಯನಿಗೆ ಮಾತ್ರ ಯಾರೂ ಕಾರಣ ಹೇಳಲಿಲ್ಲ. "ಟೈಮಿಂಗ್ ಸರಿಹೋಗ್ತಿಲ್ಲ" ಅಂದರು. ನಮ್ಮಜ್ಜಿಯ ಲೆಕ್ಕದಲ್ಲಿ ಇದು ಗಾಳಿಮಾತಲ್ಲ, ಯಾರ ಬಾಯಿಂದ ಹೊರಟಿತೆಂದು ಗೊತ್ತಿತ್ತು. ಚಾಡಿಯಲ್ಲ, ಯಾರಿಗೂ ಯಾರ ಮೇಲೂ ಸಿಟ್ಟು ಹಚ್ಚಿಕೊಡುವುದಿರಲಿಲ್ಲ. ಇದು ಅಪವಾದ.

ಒಂದು ಸಂಜೆ ಊಟಕ್ಕೆ ಕೂತಾಗ ಚಿನ್ನು ಕೇಳಿದಳು.

"ಅಜ್ಜಿ, ಬೋಪಯ್ಯ ಅಂಕಲ್ ಗಂದೇ ಹೈ ಕ್ಯಾ? ಕೆಟ್ಟೋರಾ? ಸಬ್ ಲೋಗ್ ಹೇಳ್ತಾರೆ."

"ನಿಂಗೇನು ಅನ್ಸುತ್ತೆ?"

"ನಂಗೆ ಮುಂದಿನ ಸೀಟ್ ಕೊಡ್ತಾರೆ," ಅಂದಳು ಚಿನ್ನು. ಅವಳ ನ್ಯಾಯ ಅಲ್ಲಿಗೆ ಮುಗಿಯಿತು.

ಮಹೇಶ ತಟ್ಟೆಯಿಂದ ತಲೆ ಎತ್ತದೆ ಹೇಳಿದ:

"ನಾವೂ ಬಿಡಿಸಿಬಿಡೋಣ. ನಾನೇ ಸ್ಕೂಟರಲ್ಲಿ ಬಿಟ್ಟು ಹೋಗ್ತೀನಿ."

"ನಿಮಗೆ ನಿಮ್ಮ ಬಸ್ ಹಿಡಿಯೋಕೇ ಟೈಮಿರಲ್ಲ," ಅಂದಳು ಸುಜಾತ.

"ಯಾಕೆ ಬಿಡಿಸ್ಬೇಕು? ನೀನೇನಾದ್ರೂ ಕಂಡ್ಯಾ?" ಅಂದೆ ನಾನು.

"ಎಲ್ರೂ ಬಿಡಿಸಿದಾರೆ ಅವ್ವ. ನಮಗ್ಯಾಕೆ ಊರ ಮಾತು?"

ಅವನು ಇನ್ನೊಂದು ರೊಟ್ಟಿ ಬೇಡ ಅಂದು ಕೈ ತೊಳೆದ. ಬಿಸಿ ರೊಟ್ಟಿಯನ್ನು ಬೇಡ ಅನ್ನುವ ಮಗನಲ್ಲ ಅವನು. ಹಡೆದವಳಿಗೆ ಅಷ್ಟು ಗೊತ್ತಾಗುತ್ತದೆ, ಆದರೆ ಏನೆಂದು ಗೊತ್ತಾಗಲಿಲ್ಲ.

ಮರುದಿನ ಎಲ್ಲರೂ ಹೋದ ಮೇಲೆ ಬೋಪಯ್ಯ ಮೇಲೆ ಹತ್ತಿಬಂದ. ಬೂಟು ಹೊರಗೆ ಬಿಚ್ಚಿ, ಬಾಗಿಲಲ್ಲಿ ಕೈ ಕಟ್ಟಿ ನಿಂತ. ಒಳಗೆ ಬಾ ಅಂದರೆ ಬರಲಿಲ್ಲ.

"ಅಮ್ಮ, ಚಿನ್ನೂನೂ ಬಿಡಿಸ್ತೀರಂತೆ? ದಾರೀಲಿ ಅವಳೇ ಹೇಳಿದ್ಲು."

"ಇನ್ನೂ ಇಲ್ಲ. ನೀನು ಕುಡೀತೀಯೇನಪ್ಪಾ?"

ಅವನು ನನ್ನ ಮುಖ ನೋಡಿದ. ಅಷ್ಟು ದಿನದಲ್ಲಿ ಅದನ್ನು ಅವನನ್ನೇ ಕೇಳಿದವಳು ನಾನೊಬ್ಬಳೇ ಎಂದು ಆಮೇಲೆ ಹೇಳಿದ.

"ಕುಡೀತೀನಮ್ಮ. ಶನಿವಾರ, ಊಟಕ್ಕೆ ಮುಂಚೆ, ಮನೇಲಿ, ಹೆಂಡ್ತಿ ಎದುರಿಗೆ. ಮಾರನೇ ದಿನ ಗಾಡಿ ಮುಟ್ಟಲ್ಲ. ಮಕ್ಕಳನ್ನ ಕೂರಿಸ್ಕೊಂಡು ಕುಡಿದು ಓಡಿಸೋದು ಅಂದ್ರೆ… ನನ್ನ ಹೆಂಡ್ತಿ ಅದನ್ನ ಆಸ್ಪತ್ರೇಲಿ ಕೇಳಿಸ್ಕೊಂಡು ಬಂದ್ಲು. ಅವಳ ಜೊತೆ ಕೆಲಸ ಮಾಡೋರು ಕೇಳಿದ್ರಂತೆ, ನಿನ್ನ ಗಂಡನ ಕೆಲಸ ಹೋಯ್ತಂತಲ್ಲಾ ಅಂತ."

"ಆ ಬಾಟಲಿ?"

"ನನ್ನ ಗಾಡೀಲಿ ಸಿಕ್ಕಿದ್ದು ನಿಜ. ನಂದಲ್ಲ. ಅಲ್ಲಿ ಇತ್ತು ಅಂತ ನನಗೆ ಗೊತ್ತಿರ್ಲಿಲ್ಲ."

"ಮತ್ಯಾರದು?"

"ಅದು ಕೇಳ್ಬೇಡಿ. ಹೇಳಲ್ಲ ಅಂತ ಮಾತು ಕೊಟ್ಟಿದೀನಿ."

ಮಿಲಿಟರಿಯವರಿಗೆ ಕ್ಯಾಂಟೀನಿನಲ್ಲಿ ರಮ್ಮು ಅಗ್ಗಕ್ಕೆ ಸಿಗುತ್ತದೆ. ತಮ್ಮ ಪಾಲಿನದರಲ್ಲಿ ಒಂದೊಂದನ್ನು ಬೇಕಾದವರಿಗೆ ಕೊಡುತ್ತಾರೆ. ಇದು ದೆಹಲಿಯಲ್ಲಿ ಎಲ್ಲರಿಗೂ ಗೊತ್ತು. ನನಗೆ ಗೊತ್ತಾದದ್ದು ಆ ದಿನ. ನಾನು ಹೆಚ್ಚು ಕೇಳಲಿಲ್ಲ. "ಭಾನುವಾರ ಮಧ್ಯಾಹ್ನ ನಮ್ಮ ಮನೆಗೆ ಬಾ, ಕಂಬಳಿ ಹಾಸ್ತೀನಿ" ಅಂದೆ. ಅವನಿಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳಿದೆ. "ಕೋರ್ಟ್ ಮಾರ್ಷಲ್ ಅನ್ನಿ" ಅಂದ. ಏನಾದರೂ ಅನ್ನು, ಬಾ ಅಂದೆ.

ಬೈಗುಳಕ್ಕೆ ಕರೆದರೆ ಯಾರೂ ಬರುವುದಿಲ್ಲ, ಮಂಡಕ್ಕಿಗೆ ಕರೆದರೆ ಬರುತ್ತಾರೆ. ಬಿಹಾರಿ ಭಯ್ಯಾನ ಅಂಗಡಿಯಿಂದ ಚೀಲದ ತುಂಬ ಮುರ್ಮುರಾ ತರಿಸಿದೆ. ಹೆಸರು ಬೇರೆ, ಮಂಡಕ್ಕಿ ಅದೇ. ಬೆಳಿಗ್ಗೆಯಿಂದ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಶಕುಂತಲಮ್ಮ, ರಾಯರು, ಮಕ್ಕಳನ್ನು ಬಿಡಿಸಿದ ನಾಲ್ಕು ಮನೆಯವರು, ಎಲ್ಲ ಬಂದರು. ಸೋಫಾ ಕುರ್ಚಿಗಳನ್ನೆಲ್ಲ ಬಾಲ್ಕನಿಗೆ ನೂಕಿಸಿದ್ದೆ. ಕರಿ ಕಂಬಳಿ ಇರಲಿಲ್ಲ. ನನ್ನ ಮಂಚದ ಮೇಲಿದ್ದ ಪಾಣಿಪತ್ತಿನ ರಗ್ಗು, ನಡುವೆ ಒಂದು ದೊಡ್ಡ ಹುಲಿ ಇದ್ದದ್ದು, ಅದನ್ನೇ ಹಾಲ್‌ನ ನೆಲಕ್ಕೆ ಹಾಸಿದೆ. ಬಜ್ಜಿ ಮುಗಿಯುವ ಹೊತ್ತಿಗೆ ಬೋಪಯ್ಯ ಬಂದ. ಒಬ್ಬೊಬ್ಬರ ಬಾಯಿ ಮುಚ್ಚುತ್ತಾ ಬಂತು.

"ಶಕುಂತಲಮ್ಮನವರೇ, ಇಲ್ಲಿ ಬನ್ನಿ. ಬೋಪಯ್ಯ, ನೀನು ಈ ಕಡೆ ಕೂತ್ಕೊ."

"ಅಯ್ಯೋ, ನನಗೆ ಮಂಡಿ ಮಡಚೋಕ್ಕಾಗಲ್ಲ ರೀ. ಕುರ್ಚಿ ಎಲ್ಲಿ?"

"ಕಾಲು ನೀಡ್ಕೊಳ್ಳಿ. ಹುಲಿ ಕಚ್ಚಲ್ಲ. ಪಾರ್ಕಲ್ಲಿ ಅಂದ್ರಲ್ಲ, ಅದನ್ನ ಇವನ ಮುಂದೆ ಅನ್ನಿ. ಆಮೇಲೆ ಕಾಫಿ."

ಶಕುಂತಲಮ್ಮ ಸೆರಗು ಸರಿಮಾಡಿಕೊಂಡಳು. ನನ್ನ ಮೇಲೆ ಅವಳಿಗೆ ಬಂದ ಸಿಟ್ಟು ಕಿವಿಯವರೆಗೂ ಕೆಂಪಗೆ ಏರಿತ್ತು.

"ನಾನೊಬ್ಬಳೇ ಏನಲ್ಲ, ಎಲ್ಲರೂ ಅಂತಿದ್ರು."

"ಎಲ್ರೂ ಆಮೇಲೆ. ನೀವು ಏನಂದ್ರಿ?"

"ಬಾಟಲಿ ಇತ್ತು ಅಂದೆ."

"ಅಷ್ಟೇನಾ?"

"…ಕುಡಿದು ಓಡಿಸ್ತಾನೆ ಅಂದೆ. ಇರಬಹುದು ಅಂತ."

"ಇರಬಹುದು ಅಂತ ಅಂದ್ರಾ, ಓಡಿಸ್ತಾನೆ ಅಂತ ಅಂದ್ರಾ?"

ಅವಳು ರಗ್ಗಿನ ಹುಲಿಯ ಕಿವಿ ನೋಡುತ್ತಾ ಕೂತಳು. ಆಮೇಲೆ ಬೋಪಯ್ಯನ ಕಡೆ ತಿರುಗಿ, ನಿಜ ಹೇಳಬೇಕು, ಧೈರ್ಯವಾಗಿಯೇ ಕೇಳಿದಳು:

"ನಾನು ನೀವು ಕುಡಿದಿದ್ದು ನೋಡಿಲ್ಲ, ಒಪ್ಪಿದೆ. ಆದ್ರೆ ಬಾಟಲಿ ಇತ್ತಲ್ಲ? ನಿಮ್ಮದಲ್ಲ ಅಂದ್ರೆ ಯಾರದು ಹೇಳಿ. ನಮ್ಮ ಮಕ್ಕಳು ಕೂರೋ ಗಾಡಿ. ನಾವು ಕೇಳಬಾರ್ದಾ?"

ಕೇಳಬಹುದಾದ ಮಾತೇ. ಕಂಬಳಿಯ ಮೇಲೆ ಕೂತಮೇಲೆ ಅದು ದೂರಾಯಿತು, ಅಪವಾದವಲ್ಲ. ಎಲ್ಲರೂ ಬೋಪಯ್ಯನ ಬಾಯಿ ನೋಡಿದರು. ಅವನು ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದ.

"ಹೇಳಕ್ಕಾಗಲ್ಲ ಮೇಡಂ."

"ನೋಡಿದ್ರಾ?" ಅಂದಳು ಶಕುಂತಲಮ್ಮ.

ಇನ್ನು ನಾಲ್ಕು ಉಸಿರು ಹಾಗೇ ಬಿಟ್ಟಿದ್ದರೆ ಆ ಅಪವಾದ ಅವನ ಮೇಲೆ ಮೊಳೆ ಹೊಡೆದ ಹಾಗೆ ನಿಂತುಬಿಡುತ್ತಿತ್ತು, ಅದೂ ನನ್ನ ಮನೆಯಲ್ಲಿ, ನಾನು ಹಾಸಿದ ರಗ್ಗಿನ ಮೇಲೆ. ನಾನು ಅಡುಗೆಮನೆಯ ಬಾಗಿಲು ನೋಡಿದೆ. ಮಹೇಶ ಕಾಫಿಯ ಟ್ರೇ ಹಿಡಿದು ಅಲ್ಲೇ ನಿಂತಿದ್ದ. ಲೋಟಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡುತ್ತಿದ್ದವು. ಕೈ ನಡುಗುತ್ತದೆ ಎಂದು ಬೋಪಯ್ಯನ ಬಗ್ಗೆ ಆಡಿದ್ದರಲ್ಲ. ಅವನ ಕೈ ತೊಡೆಯ ಮೇಲೆ ಕಲ್ಲಿನ ಹಾಗೆ ಇತ್ತು. ನಡುಗುತ್ತಿದ್ದ ಕೈ ನಾನು ಹಡೆದದ್ದು. ಬಿಸಿ ರೊಟ್ಟಿ ಬೇಡ ಅಂದದ್ದು ಯಾಕೆಂದು ಆಗ ಗೊತ್ತಾಯಿತು.

ನಾನು ಆ ಕ್ಷಣದಲ್ಲಿ ಸುಮ್ಮನಿರಬಹುದಿತ್ತು. ಸುಮ್ಮನಿದ್ದರೆ ನನ್ನ ಮನೆಯ ಮಾನ ಉಳಿಯುತ್ತಿತ್ತು. ಹೋಗುತ್ತಿದ್ದುದು ಎದುರಿಗೆ ಕೂತವನ ಮಾನ, ಅವನು ನಮ್ಮ ನೆಂಟನಲ್ಲ, ಜಾತಿಯವನಲ್ಲ. ಇದನ್ನು ನಾನು ಯೋಚಿಸಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಯೋಚಿಸಿದೆ.

"ಮಹೇಶ, ಟ್ರೇ ಕೆಳಗಿಡು. ಕಂಬಳಿ ಮ್ಯಾಲೆ ಇನ್ನೂ ಜಾಗ ಐತೆ."

"ಅವ್ವ…"

"ಬಾ, ಕೂತ್ಕೊ."

ಅವನು ಬಂದು ಬೋಪಯ್ಯನ ಪಕ್ಕ ಕೂತ. ಸುಜಾತ ಅಡುಗೆಮನೆಯಲ್ಲಿ ನಲ್ಲಿಯ ನೀರು ನಿಲ್ಲಿಸಿದ್ದು ಕೇಳಿಸಿತು. ಮಹೇಶ ಯಾರ ಮುಖವನ್ನೂ ನೋಡದೆ ಹೇಳಿದ:

"ಬಾಟಲಿ ನಂದು. ಬೋಪಯ್ಯನವರು ತಂದುಕೊಟ್ಟಿದ್ರು. ಸಂಜೆ ಮನೆಗೆ ತರಬೇಕಾದ್ರೆ ಅವ್ವ ಕೆಳಗೆ ಗೇಟಿನ ಹತ್ರ ಕೂತಿದ್ಲು. ಬೋಪಯ್ಯನವರಿಗೂ ಹೇಳದೆ ಅವರ ಗಾಡಿ ಸೀಟಿನ ಕೆಳಗೆ ತುರುಕಿಬಿಟ್ಟೆ. ಆಮೇಲೆ ತೆಗೆಯೋಣ ಅಂತ. ಆಗ್ಲಿಲ್ಲ."

ಬೋಪಯ್ಯ ಕಣ್ಣು ಮುಚ್ಚಿ ತೆರೆದ, ಅಷ್ಟೇ. ಎಲ್ಲರಿಗಿಂತ ಮೊದಲು ಬಾಯಿ ಬಿಟ್ಟವರು ರಾಯರು.

"ತ್ರಿಬಲ್ ಎಕ್ಸ್ ರಮ್ಮಾ?" ಅಂದರು.

ಶಕುಂತಲಮ್ಮ ಗಂಡನ ಕಡೆ ತಿರುಗಿ ನೋಡಿದ ನೋಟವನ್ನು ಅಲ್ಲಿದ್ದವರೆಲ್ಲ ನೋಡಿದರು. ರಾಯರು ಕಾಫಿ ಲೋಟ ತೆಗೆದುಕೊಂಡು ಬಾಲ್ಕನಿಗೆ ಹೋದರು.

"ಚಳಿಗೆ ಅವ್ವ, ಒಂದೆರಡು ಮುಚ್ಚಳ. ಔಷಧಿ ಥರ," ಅಂದ ಮಹೇಶ.

"ಔಷಧಿ ಆಗಿದ್ರೆ ಮನೇಲಿ ಮಂಡಿನೋವಿನೋಳು ನಾನೊಬ್ಬಳಿದ್ದೆ," ಅಂದೆ.

ಕಟ್ಟಳೆಯ ಉಳಿದರ್ಧವನ್ನೂ ನಾನು ಬಿಡಲಿಲ್ಲ. ಹೇಳಿದವರಿಗೆಲ್ಲ ಅದು ಸುಳ್ಳೆಂದು ತಿರುಗಿ ಹೇಳಿ ಬರಬೇಕು ಅಂದೆ. ಶಕುಂತಲಮ್ಮ ಒಪ್ಪಿದಳು. ಆದರೆ ನಮ್ಮೂರಲ್ಲಿ ಮಾತಿಗೆ ಒಂದು ಬಾವಿ ಇತ್ತು, ಅಲ್ಲಿಗೆ ಹೋದರೆ ಮುಗಿಯಿತು. ಇಲ್ಲಿ ಆ ಮಾತು ಫೋನಿನಲ್ಲಿ ಫರೀದಾಬಾದಿನ ನೆಂಟರವರೆಗೆ ಹೋಗಿತ್ತು, ಆಸ್ಪತ್ರೆಯವರೆಗೆ ಹೋಗಿತ್ತು. ಅವಳು ನೆನಪಾದವರಿಗೆ ಫೋನು ಮಾಡಿದಳು. ನೆನಪಾಗದವರ ಕಿವಿಯಲ್ಲಿ ಅದು ಹಾಗೇ ಉಳಿಯಿತು.

ಎಲ್ಲರೂ ಹೋದ ಮೇಲೆ ಸುಜಾತ ಹುಲಿಯ ರಗ್ಗನ್ನು ಕೊಡವಿ ಮಡಚಿದಳು. ಅವಳು ನನ್ನ ಮೇಲೆ ದನಿ ಎತ್ತಿದ್ದು ಅದೇ ಮೊದಲು.

"ಅತ್ತೆ, ನಿಮ್ಮ ಮಗನ ಮೇಲೆ ನೀವೇ ಅಪವಾದ ತಂದ್ರಿ. ನಾಳೆ ನಾನು ಲಿಫ್ಟಲ್ಲಿ ಹೇಗೆ ನಿಲ್ಲಲಿ?"

"ನಿಂಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು. ಅದು ನಮ್ಮ ಮನೆ ಮಾತು. ಮನೇಲಿ ಬೈಬಹುದಿತ್ತು ನೀವು. ಎಲ್ಲರ ಮುಂದೆ ಯಾಕೆ?"

"ಬೋಪಯ್ಯನ ಹೆಸರು ಕೆಟ್ಟಿದ್ದು ಎಲ್ರ ಮುಂದೆ, ಅದಕ್ಕೆ. ಇವನ ಮ್ಯಾಲೆ ಬಂದದ್ದು ಅಪವಾದ ಅಲ್ಲ ಸುಜಾತ. ಮಾಡಿದ್ದನ್ನ ಮಾಡಿದ ಅಂದ್ರೆ ಅದಕ್ಕೆ ಆ ಹೆಸರಿಲ್ಲ."

"ಮತ್ತೇನು ಹೆಸರು?"

ಅದಕ್ಕೆ ಅಜ್ಜಿ ಏನು ಅನ್ನುತ್ತಿದ್ದಳೋ ನನಗೆ ನೆನಪಾಗಲಿಲ್ಲ. ಸುಜಾತ ಉತ್ತರಕ್ಕೆ ಕಾಯಲೂ ಇಲ್ಲ. ಮಹೇಶ ನನ್ನ ಹತ್ತಿರ ಮಾತು ಬಿಟ್ಟ. ರೊಟ್ಟಿ ತಿನ್ನುತ್ತಿದ್ದ, ಬೇಕು ಬೇಡ ಎಂದು ಕೈಯಲ್ಲೇ ಹೇಳುತ್ತಿದ್ದ. ನಾನೂ ಕರೆದು ಮಾತಾಡಿಸಲಿಲ್ಲ. ಅವನು ಕುಡಿದದ್ದು ನನಗೆ ಅಷ್ಟು ದೊಡ್ಡದಾಗಿ ಕಾಣಲಿಲ್ಲ ಎಂದರೆ ನಮ್ಮ ಕಡೆಯವರು ನಂಬಲಿಕ್ಕಿಲ್ಲ. ಒಬ್ಬನ ಅನ್ನ, ಹೆಸರು ಎರಡೂ ಕಣ್ಣೆದುರಿಗೆ ಹೋಗುತ್ತಿರುವಾಗ ತಟ್ಟೆ ನೋಡಿಕೊಂಡು, ನಾವೂ ಬಿಡಿಸೋಣ ಅಂದನಲ್ಲ, ಅದು ದೊಡ್ಡದು. ಅದನ್ನು ಆ ರಾತ್ರಿಯೇ ಅವನ ಮುಖಕ್ಕೇ ಹೇಳಿದ್ದೆ. ಅದೇ ಅವನಿಗೆ ನೋವಾದದ್ದು, ಬಾಟಲಿಯ ಮಾತಲ್ಲ.

ಸೋಮವಾರ ಬೋಪಯ್ಯನ ವ್ಯಾನು ಬಂತು. ಗಾಡಿಯಲ್ಲಿ ಒಂದು ಮಗುವೂ ಇರಲಿಲ್ಲ. ಸುಳ್ಳು ಎಂದು ಗೊತ್ತಾದ ಮೇಲೂ ಯಾರೂ ಮಕ್ಕಳನ್ನು ಕಳಿಸಲಿಲ್ಲ. ಬೇರೆ ವ್ಯಾನನ್ನು ತಿಂಗಳಿಗೆ ಗೊತ್ತು ಮಾಡಿಯಾಗಿದೆ ಅಂದರು, ಇನ್ನು ಸ್ವಲ್ಪ ದಿನ ನೋಡೋಣ ಅಂದರು. ಅಪವಾದ ಬಿಚ್ಚಿದರೂ ಕಟ್ಟಿದ ಜಾಗದಲ್ಲಿ ಗೆರೆ ಉಳಿಯುತ್ತದೆ. ಚಿನ್ನುವನ್ನು ಹತ್ತಿಸಲು ಹೋದವಳು ನಾನೂ ಹತ್ತಿದೆ.

"ಅಮ್ಮ, ನೀವೆಲ್ಲಿಗೆ?" ಅಂದ ಬೋಪಯ್ಯ.

"ಶಾಲೆಗೆ. ಓದಿದ್ದು ಸಾಲದು."

ಮುಂದಿನ ಸೀಟಿನಲ್ಲಿ ಚಿನ್ನುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಶಾಲು ಹೊದ್ದು, ಕಿಟಕಿಯ ಗಾಜು ಇಳಿಸಿ ಕೂತೆ. ಮಂಜು ಮುಖಕ್ಕೆ ಹೊಡೆಯುತ್ತಿತ್ತು. ಗೇಟಿನ ಹತ್ತಿರ ಬೇರೆ ವ್ಯಾನಿಗೆ ಮಕ್ಕಳನ್ನು ಹಿಡಿದು ನಿಂತವರೆಲ್ಲ ನೋಡಿದರು. ನೋಡಲಿ ಎಂದೇ ನಾನು ಕೂತದ್ದು. ಚಿನ್ನುವನ್ನು ಬಿಟ್ಟು ಅದೇ ಗಾಡಿಯಲ್ಲಿ ವಾಪಸ್ಸು ಬಂದೆ. ಮಾರನೆಯ ದಿನವೂ ಹೋದೆ, ಅದರ ಮಾರನೆಯ ದಿನವೂ. ದಾರಿಯುದ್ದಕ್ಕೂ ಬೋಪಯ್ಯ ಹೆಚ್ಚು ಮಾತಾಡುತ್ತಿರಲಿಲ್ಲ. ಒಂದು ಸಲ ಮಾತ್ರ, ತಾನು ಬಾಯಿ ಬಿಟ್ಟಿದ್ದರೆ ನಾನು ಮಗನನ್ನು ಮನೆಯಿಂದ ಹೊರಗೆ ಹಾಕುತ್ತಿದ್ದೆನೇನೋ ಎಂದು ಹೆದರಿದ್ದಾಗಿ ಹೇಳಿದ. ಹಾಕುತ್ತಿರಲಿಲ್ಲ, ಮನೆ ಅವನದು ಅಂದೆ.

ಚಳಿ ಜಾಸ್ತಿಯಾಗಿ ನನಗೆ ಕೆಮ್ಮು ಹಿಡಿಯಿತು. ಒಂದು ಬೆಳಿಗ್ಗೆ ಕೆಮ್ಮುತ್ತಲೇ ಚಿನ್ನುವಿನ ಕೈ ಹಿಡಿದು ಕೆಳಗೆ ಇಳಿದರೆ, ವ್ಯಾನಿನ ಪಕ್ಕದಲ್ಲಿ ಮಹೇಶ ನಿಂತಿದ್ದ. ಆಫೀಸಿನ ಚೀಲ ಹೆಗಲಿಗೆ, ಊಟದ ಡಬ್ಬಿ ಕೈಯಲ್ಲಿ. ಶಾಲೆಗೆ ಹೋಗಿ ಅಲ್ಲಿಂದ ಬಸ್ ಹಿಡಿದರೆ ಅವನಿಗೆ ಎರಡು ಬಸ್ಸಾಗುತ್ತದೆ, ತಡವಾಗುತ್ತದೆ. ಗೇಟಿನಲ್ಲಿ ಶಕುಂತಲಮ್ಮ ಮೊಮ್ಮಗನ ಜೊತೆ ನಿಂತಿದ್ದಳು, ಇನ್ನೂ ಇಬ್ಬರು ಮೂವರಿದ್ದರು. ಅವನು ನನ್ನ ಮುಖ ನೋಡದೆ ಹೇಳಿದ:

"ಅವ್ವ, ನೀ ಮ್ಯಾಲೆ ಹೋಗು. ಇವತ್ತಿಂದ ನಾ ಹೋಗ್ತೀನಿ."

ಭಾನುವಾರದ ಮೇಲೆ ಅವನು ನನ್ನ ಹತ್ತಿರ ಆಡಿದ ಮೊದಲ ಮಾತು ಅದು. ಅಂದವನೇ ಹಿಂದಿನ ಬಾಗಿಲು ತೆಗೆದು, ತಲೆ ಬಗ್ಗಿಸಿ ಒಳಗೆ ಕಾಲಿಡಲು ಹೋದ.

"ಹಿಂದೆ ಬ್ಯಾಡ," ಅಂದೆ. "ಮುಂದೆ ಕೂತ್ಕೊ."

ಅವನು ಗೇಟಿನ ಕಡೆ ಒಂದು ಸಲ ನೋಡಿದ. ಹಿಂದಿನ ಬಾಗಿಲು ಮುಚ್ಚಿ, ಸುತ್ತಿಕೊಂಡು ಬಂದು, ಬೋಪಯ್ಯನ ಪಕ್ಕದಲ್ಲಿ ಕೂತು ಮಗಳನ್ನು ತೊಡೆಯ ಮೇಲೆ ಎತ್ತಿಕೊಂಡ. ಆಮೇಲೆ ನಾನು ಹೇಳದೆಯೇ ಕಿಟಕಿಯ ಗಾಜು ಇಳಿಸಿದ.